ಫಿಟ್ಸ್ ಮಾತ್ರೆ, ಗಬ್ಬದ ಇಲಿ ಮತ್ತು ಇನ್ನೂ ಹುಟ್ಟದ ಮಗು

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಕಾಲೇಜಿಗೆ ಸೇರಿದ ವರ್ಷದಿಂದ ಫಿಟ್ಸ್ ಇದೆ. ವಾಲ್ಪ್ರೋಯೇಟ್ 500 ಎಂ.ಜಿ. ಬೆಳಿಗ್ಗೆ ಒಂದು, ರಾತ್ರಿ ಒಂದು ತಗೊಳ್ತೀನಿ. ತೂಕ 55 ಕೆ.ಜಿ. ನಾಲ್ಕು ವರ್ಷದಿಂದ ಒಂದು ಸಲವೂ ಬಂದಿಲ್ಲ. ಮದುವೆಯಾಗಿ ವರ್ಷವಾಯಿತು, ಮನೆಯಲ್ಲಿ ಮಗುವಿನ ಮಾತು ಶುರುವಾಗಿದೆ. ಮೊನ್ನೆ ನಾದಿನಿ ಒಂದು ವಿಡಿಯೊ ಕಳಿಸಿದಳು. ಈ ಮಾತ್ರೆ ಕೊಟ್ಟ ಗಬ್ಬದ ಇಲಿಗಳ ಮರಿಗಳಿಗೆ ಆಟಿಸಂ ಬರುತ್ತದಂತೆ. ಇಲಿಗೆ ಆಟಿಸಂ ಇದೆ ಅಂತ ಹೇಗೆ ಗೊತ್ತಾಗುತ್ತದೆ? ಇಲಿಗೆ ಆದದ್ದು ನಮಗೂ ಆಗುತ್ತದಾ? ಇವತ್ತೇ ಮಾತ್ರೆ ನಿಲ್ಲಿಸಿಬಿಡಲಾ? ಮುಂದೆ ಹೆರಿಗೆಯಾದರೆ ಎದೆಹಾಲು ಕೊಡಬಹುದಾ? (ಹೆಸರು ಬೇಡ, ದಾವಣಗೆರೆ)

ಉತ್ತರ: ನಿಮ್ಮ ಮೂರನೇ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ನಿಲ್ಲಿಸಬೇಡಿ. ಇವತ್ತೂ ಬೇಡ, ನಾಳೆಯೂ ಬೇಡ, ನಿಮ್ಮಷ್ಟಕ್ಕೆ ನೀವೇ ಯಾವತ್ತೂ ಬೇಡ. ನಾಲ್ಕು ವರ್ಷ ನೀವು ನೆಮ್ಮದಿಯಾಗಿದ್ದೀರಿ ಅಂದರೆ ಅದರಲ್ಲಿ ಆ ಮಾತ್ರೆಯ ಪಾಲು ದೊಡ್ಡದು. ದಿಢೀರನೆ ಬಿಟ್ಟರೆ ಒಂದರ ಮೇಲೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಬಸುರಿಯಾಗಿದ್ದಾಗ ಹಾಗಾದರೆ ಇಬ್ಬರಿಗೂ ಅಪಾಯ.

ಹಾಗಂತ ವಿಡಿಯೊ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಮಗು ಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳು ವಾಲ್ಪ್ರೋಯೇಟ್ ಬಗ್ಗೆ ನರರೋಗದ ಡಾಕ್ಟರ ಹತ್ತಿರ ಕೂತು ಮಾತಾಡಲೇಬೇಕು. ಅದೂ ಬಸುರಾದ ಮೇಲಲ್ಲ, ಮೊದಲೇ. ಯಾಕೆ ಮೊದಲೇ ಅನ್ನುವುದು ಇಲಿಯ ಕಥೆಯಲ್ಲೇ ಇದೆ, ಬರುತ್ತೇನೆ. ಒಂದು ಮಾತು ಈಗಲೇ ಹೇಳಿಬಿಡಬೇಕು. ನಾನು ಫಾರ್ಮಕಾಲಜಿ, ಅಂದರೆ ಔಷಧಿಶಾಸ್ತ್ರದ ಪಾಠ ಮಾಡುವವಳು, ಇಲಿಗಳ ಜೊತೆ ಬಹಳ ವರ್ಷ ಕಳೆದವಳು. ಫಿಟ್ಸ್‌ಗೆ ಔಷಧಿ ಬರೆದುಕೊಡುವವಳಲ್ಲ. ಇಲಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದಷ್ಟೇ ನನ್ನ ಕಸುಬು.

ಈ ಕಥೆ ಶುರುವಾಗಿದ್ದು ಇಲಿಯಿಂದಲ್ಲ, ಮನುಷ್ಯರಿಂದ. ವಿಡಿಯೊ ಮಾಡಿದವರು ಬಿಟ್ಟಿದ್ದು ಇದನ್ನೇ.

ವಾಲ್ಪ್ರೋಯಿಕ್ ಆಮ್ಲವನ್ನು ಮೊದಲು ತಯಾರಿಸಿದ್ದು 1882ರಲ್ಲಿ. ಎಂಬತ್ತು ವರ್ಷ ಅದು ಪ್ರಯೋಗಾಲಯದಲ್ಲಿ ಬೇರೆ ಪುಡಿಗಳನ್ನು ಕರಗಿಸುವ ದ್ರವವಾಗಿ ಸುಮ್ಮನೆ ಬಿದ್ದಿತ್ತು. 1960ರ ದಶಕದ ಶುರುವಿನಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪಿಯರ್ ಎಮಾರ್ ಅನ್ನುವ ವಿದ್ಯಾರ್ಥಿ ಕೆಲವು ಹೊಸ ಔಷಧಿಗಳನ್ನು ಇದರಲ್ಲಿ ಕರಗಿಸಿಕೊಂಡಿದ್ದ. ಪರೀಕ್ಷೆ ಮಾಡಿದ ಎಲ್ಲ ಔಷಧಿಯೂ ಪ್ರಾಣಿಗಳ ಫಿಟ್ಸ್ ತಡೆಯಿತು. ಎಲ್ಲವೂ ಕೆಲಸ ಮಾಡಿದರೆ ಅನುಮಾನ ಬರಬೇಕು, ಅಲ್ವಾ? ಕೆಲಸ ಮಾಡುತ್ತಿದ್ದದ್ದು ಔಷಧಿಯಲ್ಲ, ಕರಗಿಸಿದ ದ್ರವ! 1967ರಲ್ಲಿ ಫ್ರಾನ್ಸಿನಲ್ಲಿ ಅದು ಮಾತ್ರೆಯಾಗಿ ಬಂತು. ಮುಂದೆ ಪ್ರಪಂಚದಲ್ಲೆಲ್ಲ ಹರಡಿತು. ಒಳ್ಳೆಯ ಔಷಧಿ, ಅದರಲ್ಲಿ ಎರಡು ಮಾತಿಲ್ಲ. ಕೆಲವು ಬಗೆಯ ಫಿಟ್ಸ್‌ಗೆ ಇವತ್ತಿಗೂ ಅದರಷ್ಟು ಚೆನ್ನಾಗಿ ಹಿಡಿಯುವ ಮತ್ತೊಂದು ಮಾತ್ರೆ ಸಿಗುವುದು ಕಷ್ಟ.

1982ರಲ್ಲಿ ಫ್ರಾನ್ಸಿನದೇ ಲಿಯಾನ್ ನಗರದಲ್ಲಿ ಎಲಿಜಬೆತ್ ರಾಬರ್ಟ್ ಅನ್ನುವ ವೈದ್ಯೆ ಒಂದು ವಿಷಯ ಗಮನಿಸಿದರು. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ ಮಕ್ಕಳ ತಾಯಂದಿರಲ್ಲಿ ವಾಲ್ಪ್ರೋಯೇಟ್ ತೆಗೆದುಕೊಂಡವರು ಇರಬೇಕಾದ್ದಕ್ಕಿಂತ ಜಾಸ್ತಿ ಇದ್ದರು. ಆಮೇಲೆ ವಾಲ್ಪ್ರೋಯೇಟ್ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಕೆಲವರು ಮಾತು ಕಲಿಯುವುದು ತಡ, ಬೆರೆಯುವುದು ಕಡಿಮೆ ಅನ್ನುವ ವರದಿಗಳು ಒಂದೊಂದಾಗಿ ಬಂದವು.

ಇನ್ನೊಂದು ಸುಳಿವು ಬಂದದ್ದು ಬೇರೆಯೇ ಔಷಧಿಯಿಂದ. ಥಾಲಿಡೊಮೈಡ್ ಹೆಸರು ಕೇಳಿರುತ್ತೀರಿ. 1957ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆಮಾತ್ರೆಯಾಗಿ ಮಾರುಕಟ್ಟೆಗೆ ಬಂತು, ಬಸುರಿಯರ ವಾಂತಿ ವಾಕರಿಕೆಗೂ ಕೊಟ್ಟರು. 1961ರ ನವೆಂಬರ್‌ನಲ್ಲಿ ಹಿಂದಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಸ್ವೀಡನ್ನಿನ ಕಣ್ಣಿನ ವೈದ್ಯೆ ಕೆರ್ಸ್ಟಿನ್ ಸ್ಟ್ರೋಮ್‌ಲಾಂಡ್ ಮತ್ತು ಜೊತೆಗಾರರು ಸುಮಾರು ನೂರು ಜನರನ್ನು ಪರೀಕ್ಷಿಸಿ 1994ರಲ್ಲಿ ಬರೆದರು: ಕನಿಷ್ಠ ನಾಲ್ಕು ಜನಕ್ಕೆ ಆಟಿಸಂ ಇತ್ತು. ನೂರರಲ್ಲಿ ನಾಲ್ಕು ಸುಮ್ನೆ ಬಂದಿರಬಹುದು ಅನ್ನಿಸಬಹುದು. ಆದರೆ ನಾಲ್ವರೂ ಒಂದೇ ಗುಂಪಿನವರು. ತಾಯಿ ಬಸುರಾದ 20ರಿಂದ 24ನೇ ದಿನದೊಳಗೆ ಔಷಧಿಯ ಪೆಟ್ಟು ತಿಂದವರು. ಕೈಕಾಲು ಮೊಳೆಯುವುದಕ್ಕಿಂತ ಮುಂಚಿನ ದಿನಗಳು ಅವು.

ಈ ತಾರೀಖಿನ ಲೆಕ್ಕವೇ ಇಲಿಯನ್ನು ಕಥೆಯೊಳಗೆ ಎಳೆದು ತಂದದ್ದು. ಅಮೆರಿಕದ ರಾಚೆಸ್ಟರ್‌ನಲ್ಲಿ ಪೆಟ್ರೀಷಿಯಾ ರೋಡಿಯರ್ ಅನ್ನುವ ಭ್ರೂಣತಜ್ಞೆ ಇದ್ದರು. ಅಷ್ಟು ಮುಂಚೆ ಪೆಟ್ಟು ಬಿದ್ದರೆ ಮೆದುಳಿನ ಯಾವ ಭಾಗ ಹಾಳಾಗಬೇಕು ಅಂತ ಅವರು ಯೋಚಿಸಿದರು. ಇಲಿಗೆ ಥಾಲಿಡೊಮೈಡ್ ಹಿಡಿಯುವುದಿಲ್ಲ. ಅವರು ಕೈಗೆತ್ತಿಕೊಂಡದ್ದು ವಾಲ್ಪ್ರೋಯೇಟನ್ನು. ಇಲಿಮರಿಯ ನರಕೊಳವೆ (ಮುಂದೆ ಮೆದುಳು, ಬೆನ್ನುಹುರಿ ಆಗುವ ಕೊಳವೆ) ಮುಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ತಾಯಿಗೆ ಕೊಟ್ಟರು. ಮರಿಗಳ ಮೆದುಳುಕಾಂಡದಲ್ಲಿ ಕೆಲವು ಜಾಗಗಳಲ್ಲಿ ನರಕೋಶಗಳು ಕಡಿಮೆ ಇದ್ದವು. ಇದು ಅಚ್ಚಾದದ್ದು 1996ರಲ್ಲಿ. 2005ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಶ್ನೈಡರ್ ಮತ್ತು ಪ್ಶೆವೋಟ್ಸ್ಕಿ ಅನ್ನುವ ಇಬ್ಬರು ಅಂಥದ್ದೇ ಮರಿಗಳ ನಡವಳಿಕೆ ನೋಡಿದರು. ನಿಮ್ಮ ನಾದಿನಿಯ ವಿಡಿಯೊ ಹೇಳುವ ಇಲಿಗಳು ಅವರ ವಂಶದವು ಅಂತಿಟ್ಟುಕೊಳ್ಳಿ.

ಈಗ ಇಲಿಗೆ ಆಟಿಸಂ ಇದೆ ಅಂತ ಹೇಗೆ ಗೊತ್ತಾಗುತ್ತದೆ ಅನ್ನುವ ಪ್ರಶ್ನೆ. ಇಲಿಗೆ ಆಟಿಸಂ ಇರುವುದಿಲ್ಲ. ಆಟಿಸಂ ಅನ್ನುವುದು ಮಗುವಿನ ಮಾತು, ನೋಟ, ಆಟ, ಒಡನಾಟ ಎಲ್ಲ ನೋಡಿ ವೈದ್ಯರು ಕೊಡುವ ಹೆಸರು. ಇಲಿಯಲ್ಲಿ ನಾವು ನೋಡುವುದು ಕೆಲವು ಚಿಕ್ಕ ಚಿಕ್ಕ ನಡವಳಿಕೆಗಳನ್ನು ಮಾತ್ರ. ಒಂದೆರಡನ್ನು ಹತ್ತಿರದಿಂದ ತೋರಿಸುತ್ತೇನೆ.

ಸಂಜೆ ಹೆಣ್ಣಿಲಿಯ ಪಂಜರಕ್ಕೆ ಗಂಡನ್ನು ಬಿಡುತ್ತೇವೆ. ಬೆಳಿಗ್ಗೆ ಹೆಣ್ಣಿನಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ವೀರ್ಯಾಣು ಕಂಡರೆ ಲೆಕ್ಕ ಅಲ್ಲಿಂದ ಶುರು. ಕೂಡಿದ್ದು ನಡುರಾತ್ರಿಯ ಹೊತ್ತಿಗೆ ಅಂತ ಇಟ್ಟುಕೊಳ್ಳುವುದರಿಂದ ದಿನಗಳ ಜೊತೆ ಅರ್ಧ ಸೇರುತ್ತದೆ. ಕ್ರಾಕೋವ್‌ನವರು ಚುಚ್ಚಿದ್ದು 12.5ನೇ ದಿನ, ಒಂದೇ ಒಂದು ಸಲ. ಇಲಿಯ ಗಬ್ಬ ಒಟ್ಟು 21ರಿಂದ 23 ದಿನ. ಈಯುವ ಹೊತ್ತಿಗೆ ತಾಯಿ ಪಂಜರದ ಭತ್ತದ ಹೊಟ್ಟನ್ನೆಲ್ಲ ಒಂದು ಮೂಲೆಗೆ ಒಟ್ಟಿ ಗೂಡು ಮಾಡುತ್ತಾಳೆ. ಮರಿಗಳು ಬೆರಳಿನ ಒಂದು ಗೆಣ್ಣಿನಷ್ಟು ಇರುತ್ತವೆ. ಕೆಂಪಗೆ, ಕೂದಲಿಲ್ಲ, ಕಣ್ಣು ಮುಚ್ಚಿರುತ್ತದೆ.

ಒಂಬತ್ತು ಹತ್ತು ದಿನದ ಮರಿಯನ್ನು ಒಂದು ತಟ್ಟೆಯ ನಡುವೆ ಇಡುತ್ತೇವೆ. ಒಂದು ಕಡೆ ಅದರದೇ ಗೂಡಿನ ಹೊಟ್ಟು, ಇನ್ನೊಂದು ಕಡೆ ಹೊಸ ಹೊಟ್ಟು. ಕಣ್ಣು ಇನ್ನೂ ಬಿಟ್ಟಿಲ್ಲ. ವಾಸನೆ ಹಿಡಿದು ತಲೆ ಅತ್ತಿತ್ತ ಆಡಿಸಿ, ಹೊಟ್ಟೆ ಎಳೆದುಕೊಂಡು ಗೂಡಿನ ಕಡೆಗೆ ಹೋಗುತ್ತದೆ. ಗಡಿಯಾರ ಹಿಡಿದು ಎಷ್ಟು ಸೆಕೆಂಡು ಅಂತ ಬರೆದುಕೊಳ್ಳುವುದಷ್ಟೇ ನಮ್ಮ ಕೆಲಸ. ವಾಲ್ಪ್ರೋಯೇಟ್ ಮರಿಗಳಿಗೆ ಈ ದಾರಿ ಹುಡುಕಲು ಹೊತ್ತು ಜಾಸ್ತಿ ಹಿಡಿಯಿತು. ಕಣ್ಣು ಬಿಟ್ಟಿದ್ದೂ ತಡ. ದೊಡ್ಡವಾದ ಮೇಲೆ ಜೊತೆಯವರೊಂದಿಗೆ ಆಟ ಕಡಿಮೆ. ಹೊಸ ಜಾಗ ಮೂಸಿ ನೋಡುವ ಕುತೂಹಲ ಕಡಿಮೆ, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು ಜಾಸ್ತಿ. ನೋವು ತಿಳಿಯುವುದು ಕಡಿಮೆ, ಮೆಲ್ಲಗೆ ಮುಟ್ಟಿದರೆ ಬೆಚ್ಚುವುದು ಜಾಸ್ತಿ. ಈ ಪಟ್ಟಿ ನೋಡಿದರೆ ಆಟಿಸಂ ಇರುವ ಮಗುವಿನ ನೆನಪಾಗುತ್ತದೆ, ನಿಜ. ನೆನಪಾಗುತ್ತದೆ ಅಷ್ಟೇ.

ಮರಿಯ ಅಳುವನ್ನೂ ಅಳೆಯುತ್ತೇವೆ. ತಾಯಿಯಿಂದ ಬೇರೆ ಮಾಡಿದ ಮರಿ ಕೂಗುತ್ತದೆ, ನಮಗೆ ಕೇಳಿಸುವುದಿಲ್ಲ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತುಬಿಡುತ್ತದೆ, ಮರಿಯ ಕೂಗು 40ರ ಆಸುಪಾಸು. ಯಂತ್ರ ಹಾಕಿ ಅದನ್ನು ಕೆಳಗಿಳಿಸಿ ಮೊದಲ ಸಲ ಕೇಳಿದ ದಿನ ನಾನು ಊಟ ಮಾಡಿರಲಿಲ್ಲ. ಅದೇ ಕೂಗಿಗೆ ತಾಯಿ ಓಡಿಬಂದು ಬಾಯಲ್ಲಿ ಕಚ್ಚಿಕೊಂಡು ಗೂಡಿಗೆ ಒಯ್ಯುತ್ತಾಳೆ. ಇಲಿಯ ಪುಟ್ಟ ನೆಂಟ ಚಿಟ್ಟಿಲಿಗೆ ಗೋಲಿ ಆಟವೂ ಇದೆ. ಹೊಟ್ಟಿನ ಮೇಲೆ ಇಪ್ಪತ್ತು ಗೋಲಿ ಸಾಲಾಗಿ ಇಟ್ಟು ಚಿಟ್ಟಿಲಿಯನ್ನು ಬಿಟ್ಟರೆ ಅರ್ಧ ಗಂಟೆಯಲ್ಲಿ ಎಷ್ಟು ಗೋಲಿ ಹೂತಿತು ಅಂತ ಎಣಿಸುವುದು. ಹೆಚ್ಚು ಹೂತರೆ ಒಂದೇ ಕೆಲಸಕ್ಕೆ ಅಂಟಿಕೊಳ್ಳುವ ಸ್ವಭಾವ ಅಂತ ಕೆಲವರು ಓದುತ್ತಾರೆ, ಆತಂಕ ಅಂತ ಇನ್ನು ಕೆಲವರು. ಗುಂಡಿ ತೋಡುವುದು ಚಿಟ್ಟಿಲಿಯ ಹುಟ್ಟುಗುಣ, ಗೋಲಿ ಅಡ್ಡ ಸಿಕ್ಕಿತು ಅಷ್ಟೇ ಅನ್ನುವವರೂ ಇದ್ದಾರೆ. ನಾನು ಮೂರನೆಯವರ ಕಡೆ.

ಈಗ ಲೆಕ್ಕಕ್ಕೆ ಬರೋಣ. ವಿಡಿಯೊದಲ್ಲಿ ಡೋಸ್ ಹೇಳಿದ್ದರಾ? ಹೇಳಿರಲಿಕ್ಕಿಲ್ಲ. ಕ್ರಾಕೋವ್‌ನ ಇಲಿಗಳಿಗೆ ಕೊಟ್ಟದ್ದು ಕೆ.ಜಿ. ತೂಕಕ್ಕೆ 600 ಎಂ.ಜಿ. ಕಾಲು ಕೆ.ಜಿ.ಯ ಇಲಿಗೆ 150 ಎಂ.ಜಿ., ಒಂದೇ ಏಟಿಗೆ. ನೀವು ದಿನಕ್ಕೆ ತೆಗೆದುಕೊಳ್ಳುವುದು 1000 ಎಂ.ಜಿ. 55 ಕೆ.ಜಿ.ಗೆ ಭಾಗಿಸಿದರೆ ಕೆ.ಜಿ.ಗೆ 18. ಇಲಿಯ ಲೆಕ್ಕವನ್ನು ನೇರವಾಗಿ ನಿಮಗೆ ಹಾಕಿದರೆ 33,000 ಎಂ.ಜಿ. ಆಗುತ್ತದೆ. ಅಂದರೆ ನಿಮ್ಮ ಮಾತ್ರೆ 66! ಆದರೆ ಹಾಗೆ ನೇರವಾಗಿ ಹಾಕಬಾರದು. ಚಿಕ್ಕ ಪ್ರಾಣಿಯ ಮೈ ಔಷಧಿಯನ್ನು ಬೇಗ ಉರಿಸಿಬಿಡುತ್ತದೆ. ಮೈಯ ಹೊರಮೈ ಅಳತೆ ನೋಡಿ ಇಲಿಯ ಡೋಸನ್ನು ಸುಮಾರು ಆರರಿಂದ ಭಾಗಿಸುವುದು ನಮ್ಮಲ್ಲಿ ರೂಢಿ. ಆಗ ನಿಮಗೆ 5,300 ಎಂ.ಜಿ. ಚಿಲ್ಲರೆ ಬರುತ್ತದೆ. ಹತ್ತು ಹನ್ನೊಂದು ಮಾತ್ರೆಯನ್ನು ಒಂದೇ ಗುಟುಕಿಗೆ ನುಂಗಿದಂತೆ. ನಿಮ್ಮ ಇಡೀ ದಿನದ ಡೋಸಿನ ಐದು ಪಟ್ಟಿಗಿಂತ ಜಾಸ್ತಿ. ಇಲಿಗೆ ಒಂದು ದಿನ ಸಿಡಿಲು ಹೊಡೆದಂತೆ, ನಿಮ್ಮದು ದಿನಾ ಬೀಳುವ ಸೋನೆ. ಎರಡೂ ಒಂದೇ ಅಲ್ಲ. ಹಾಗಂತ ಸೋನೆ ನಿರಪಾಯ ಅಂದುಕೊಳ್ಳಬೇಡಿ. ಅದಕ್ಕೆ ಉತ್ತರ ಮನುಷ್ಯರ ಲೆಕ್ಕದಲ್ಲಿದೆ, ಮುಂದೆ ಹೇಳುತ್ತೇನೆ.

ಅದಕ್ಕಿಂತ ಮೊದಲು ನನ್ನದೇ ಒಂದು ಪೆದ್ದುತನ. ಪಿಎಚ್‌ಡಿಯ ಎರಡನೇ ವರ್ಷ. ಐದು ತಾಯಿ ಇಲಿಗಳಿಗೆ ಔಷಧಿ, ಐದಕ್ಕೆ ಬರೀ ಉಪ್ಪುನೀರು. ಎರಡೂ ಕಡೆ ನಲವತ್ತು ನಲವತ್ತು ಮರಿ. ಎಂಬತ್ತು ಮರಿಗಳ ಬಾಲಕ್ಕೂ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ಒಂದೊಂದನ್ನೂ ಅಳೆದು, ಲೆಕ್ಕ ಹಾಕಿ ಗುರುಗಳ ಮುಂದೆ ಇಟ್ಟೆ. ಫಲಿತಾಂಶ ಚೆನ್ನಾಗಿ ಬಂದಿತ್ತು, ನನಗೋ ಖುಷಿ. ಅವರು ಪುಟ ತಿರುಗಿಸದೆ ಕೇಳಿದರು, "ಎಷ್ಟು ಜನಕ್ಕೆ ಚುಚ್ಚಿದೆಯಮ್ಮ?" ನಾನು ನಲವತ್ತು ಅಂದೆ. "ಮರಿಗಳಿಗೆ ಚುಚ್ಚಿದೆಯಾ?" ಇಲ್ಲ ಸರ್, ತಾಯಿಗೆ. "ತಾಯಿ ಎಷ್ಟು?" ಐದು. "ಮತ್ತೆ ನಲವತ್ತು ಎಲ್ಲಿಂದ ಬಂತು?"

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಅದೇ ಪಾತ್ರೆಯ ನಲವತ್ತು ಅಗುಳು ಹಿಸುಕಿ, ನಲವತ್ತು ಪಾತ್ರೆ ನೋಡಿದೆ ಅನ್ನಲು ಬರುವುದಿಲ್ಲ. ಒಂದೇ ಸೂಲಿನ ಮರಿಗಳು ಒಂದೇ ಹೊಟ್ಟೆಯಲ್ಲಿ ಬೆಳೆದವು, ಒಂದೇ ತಾಯಿಯ ಹಾಲು ಕುಡಿದವು, ಒಂದೇ ಗೂಡಿನಲ್ಲಿ ಮಲಗಿದವು. ಅವು ಒಂದರಂತೆ ಒಂದು ಇರುವುದು ಸಹಜ. ಎಣಿಸಬೇಕಾದ್ದು ಸೂಲುಗಳನ್ನು, ಮರಿಗಳನ್ನಲ್ಲ. ನನ್ನ ನಲವತ್ತು ಐದಕ್ಕಿಳಿಯಿತು, ಫಲಿತಾಂಶವೂ ಅದರ ಜೊತೆ ಹೋಯಿತು. ಒಂದೂವರೆ ವರ್ಷ ಮತ್ತೆ ಇಲಿ ಸಾಕಿದೆ.

ಇದು ನನ್ನೊಬ್ಬಳ ತಪ್ಪಾಗಿದ್ದರೆ ಹೇಳುತ್ತಿರಲಿಲ್ಲ. 2013ರಲ್ಲಿ ಲಾಜಿಕ್ ಮತ್ತು ಎಸ್ಸಿಯೂ ಅನ್ನುವ ಇಬ್ಬರು ಆವರೆಗಿನ ವಾಲ್ಪ್ರೋಯೇಟ್ ಇಲಿ ಪ್ರಯೋಗಗಳನ್ನು ಕೂಡಿಹಾಕಿ ಜಾಲಾಡಿದರು. 34 ಪ್ರಬಂಧಗಳಲ್ಲಿ ಸೂಲನ್ನು ಲೆಕ್ಕಕ್ಕೆ ಹಿಡಿದವು ಮೂರೇ ಮೂರು. ಜೊತೆಗೆ ಇನ್ನೊಂದು ಮಾತೂ ಹೇಳಿದರು. ಕೆಲವು ನಡವಳಿಕೆಗಳಲ್ಲಿ ಮರಿ ಮರಿಯ ನಡುವಿನ ವ್ಯತ್ಯಾಸದಲ್ಲಿ ನೂರಕ್ಕೆ 61 ಪಾಲಿನವರೆಗೆ ಬರೀ ಸೂಲಿನದು. ಔಷಧಿಯ ಪಾಲು ಅದಕ್ಕಿಂತ ಕಡಿಮೆ. ವಾಲ್ಪ್ರೋಯೇಟ್ ಇಲಿಮರಿಗೆ ಏನೂ ಮಾಡುವುದಿಲ್ಲ ಅಂತ ಇದರ ಅರ್ಥವಲ್ಲ. ಮಾಡುತ್ತದೆ, ಅದು ಬೇರೆ ಬೇರೆ ಕಡೆ ಮತ್ತೆ ಮತ್ತೆ ಕಂಡಿದೆ. ಆದರೆ ಎಷ್ಟು ಅಂತ ಕೇಳಿದರೆ ಇಲಿ ಹೇಳುವ ಅಂಕಿಯನ್ನು ಪೂರ್ತಿ ನಂಬಬಾರದು.

ತಾಯಿಯ ವಿಷಯವೂ ಇದೆ. ಔಷಧಿ ಹೋಗುವುದು ತಾಯಿಯ ಮೈಗೆ. ಮಂಪರು ಬಂದ ತಾಯಿ ಸರಿಯಾಗಿ ತಿನ್ನುವುದಿಲ್ಲ. ಹೆತ್ತ ಮೇಲೆ ಮರಿಗಳನ್ನು ನೆಕ್ಕುವುದು ಕಡಿಮೆ ಮಾಡಬಹುದು. ನೆಕ್ಕಿಸಿಕೊಂಡ ಮರಿ ದೊಡ್ಡದಾದ ಮೇಲೆ ಗಾಬರಿ ಕಡಿಮೆ ಬೀಳುತ್ತದೆ ಅಂತ ಬೇರೆ ಪ್ರಯೋಗಗಳಲ್ಲಿ ಗೊತ್ತಾಗಿದೆ. ಹಾಗಾದರೆ ಮರಿಯ ನಡವಳಿಕೆ ಬದಲಾಗಿದ್ದು ಔಷಧಿಯಿಂದಲೋ, ತಾಯಿಯ ಆರೈಕೆಯಿಂದಲೋ? ಬಿಡಿಸಿ ನೋಡಲು ಒಂದು ಉಪಾಯ ಇದೆ. ಹುಟ್ಟಿದ ದಿನವೇ ಮರಿಗಳನ್ನು ಅದಲುಬದಲು ಮಾಡುವುದು. ಔಷಧಿ ತಿಂದವಳ ಮರಿಯನ್ನು ತಿನ್ನದವಳು ಸಾಕುತ್ತಾಳೆ, ಅವಳದನ್ನು ಇವಳು. ಮನುಷ್ಯರಲ್ಲಿ ಇದನ್ನು ಮಾಡಲು ಸಾಧ್ಯವೇ ಇಲ್ಲ. ಇಲಿ ಪ್ರಯೋಗದ ನಿಜವಾದ ಬೆಲೆ ಇಲ್ಲಿದೆ ಅಂತ ನನ್ನ ಅನಿಸಿಕೆ. ಮದ್ಯದ ಪ್ರಯೋಗದಲ್ಲಿ ಇನ್ನೊಂದು ಜಾಗ್ರತೆಯೂ ಇದೆ. ಮದ್ಯ ಕುಡಿದ ಇಲಿ ಊಟ ಕಡಿಮೆ ಮಾಡುತ್ತದೆ. ಅದು ಇವತ್ತು ಎಷ್ಟು ಗ್ರಾಂ ತಿಂದಿತೋ ಅಷ್ಟನ್ನೇ ತೂಗಿ, ಮದ್ಯ ಕುಡಿಯದ ಜೋಡಿ ಇಲಿಗೆ ಕೊಡುತ್ತಾರೆ. ಇಲ್ಲದಿದ್ದರೆ ಹಸಿವಿನ ತಪ್ಪು ಮದ್ಯದ ತಲೆಗೆ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಊರಿನ ಇಲಿ ಇನ್ನೊಂದು ಊರಿನ ಇಲಿಯಂತೆ ನಡೆಯುವುದಿಲ್ಲ. 1999ರಲ್ಲಿ ಅಮೆರಿಕದ ಪೋರ್ಟ್‌ಲಂಡ್, ಆಲ್ಬನಿ, ಕೆನಡಾದ ಎಡ್ಮಂಟನ್ ಮೂರು ಕಡೆ ಅವೇ ತಳಿಗಳ ಚಿಟ್ಟಿಲಿಗಳಿಗೆ ಒಂದೇ ದಿನ, ಒಂದೇ ಪರೀಕ್ಷೆ ಮಾಡಿದರು. ಮೇವು, ಪೆಟ್ಟಿಗೆ, ದೀಪದ ಹೊತ್ತು ಎಲ್ಲ ಹೊಂದಿಸಿದ್ದರು. ಆದರೂ ಕೆಲವು ಪರೀಕ್ಷೆಗಳಲ್ಲಿ ಉತ್ತರ ಬೇರೆ ಬೇರೆ ಬಂತು. 2014ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಇನ್ನೊಂದು ತಮಾಷೆ ಕಂಡುಹಿಡಿದರು. ಪ್ರಯೋಗ ಮಾಡುವವರು ಗಂಡಸಾದರೆ ಅವರ ಮೈವಾಸನೆಗೇ ಇಲಿಗಳು ಹೆದರಿ, ನೋವಿನ ಪರೀಕ್ಷೆಯ ಫಲಿತಾಂಶ ಬದಲಾಗುತ್ತಿತ್ತು. ಅವರು ಕಳಚಿಟ್ಟ ಟೀ ಶರ್ಟ್ ಹತ್ತಿರ ಇಟ್ಟರೂ ಸಾಕಿತ್ತು! ನಮ್ಮ ಲ್ಯಾಬಿನ ಹುಡುಗರಿಗೆ ಇದನ್ನು ಹೇಳಿದಾಗ ಆದ ಗಲಾಟೆ ಬೇಡ ಬಿಡಿ.

ಇಲಿಗೆ ಏನಾದರೂ ಆಯಿತು ಅಂದ ಮಾತ್ರಕ್ಕೆ ನಮಗೂ ಆಗುತ್ತದೆ ಅಂತಲ್ಲ. ಉಲ್ಟಾನೂ ನಿಜ, ಅದು ಇನ್ನೂ ಅಪಾಯದ್ದು. ಥಾಲಿಡೊಮೈಡ್ ತಿಂದ ಇಲಿ, ಚಿಟ್ಟಿಲಿಗಳ ಮರಿಗಳಿಗೆ ಕೈಕಾಲು ಸರಿಯಾಗೇ ಇದ್ದವು. ನ್ಯೂಜಿಲೆಂಡ್ ಬಿಳಿ ಮೊಲಕ್ಕೆ ಕೊಟ್ಟಾಗ ಮನುಷ್ಯರಲ್ಲಿ ಆದಂಥದ್ದೇ ಆಯಿತು. ಆ ಔಷಧಿ ಹಿಡಿದುಕೊಳ್ಳುವ ಸೆರೆಬ್ಲಾನ್ ಅನ್ನುವ ಪ್ರೋಟೀನನ್ನು ಜಪಾನಿನ ವಿಜ್ಞಾನಿಗಳು ತೋರಿಸಿದ್ದು 2010ರಲ್ಲಿ. ಇಲಿಯ ಸೆರೆಬ್ಲಾನ್ ನಮ್ಮದಕ್ಕಿಂತ ಒಂದು ಚೂರು ಬೇರೆ. ಆ ಒಂದು ಚೂರಿನಲ್ಲೇ ಇಲಿ ಬಚಾವಾಯಿತು.

ಗಾಬರಿ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಹೇಳುತ್ತೇನೆ. 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಕೊಕೇನ್ ಚಟದ ತಾಯಂದಿರ ಮಕ್ಕಳ ಬಗ್ಗೆ ಪತ್ರಿಕೆಗಳು ಬೊಬ್ಬೆ ಹಾಕಿದವು. ಒಂದಿಡೀ ಪೀಳಿಗೆ ಹಾಳಾಯಿತು ಅಂದವು. ಫಿಲಡೆಲ್ಫಿಯಾದ ವೈದ್ಯೆ ಹ್ಯಾಲಂ ಹರ್ಟ್ 1989ರಿಂದ 200ಕ್ಕೂ ಹೆಚ್ಚು ಮಕ್ಕಳನ್ನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಹಿಂಬಾಲಿಸಿದರು. ಸುಮಾರು ಅರ್ಧ ಜನ ಕೊಕೇನ್ ತಾಯಂದಿರ ಮಕ್ಕಳು. ಉಳಿದವರ ತಾಯಂದಿರು ಅದೇ ಬಡ ಕೇರಿಗಳವರು, ಕೊಕೇನ್ ಮುಟ್ಟದವರು. ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇಬ್ಬರೂ ಹಿಂದೆ ಬಿದ್ದಿದ್ದರು, ಕಾರಣ ಬಡತನ. ಕೊಕೇನ್ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಬೊಬ್ಬೆ ಹೊಡೆದವರು ತಪ್ಪು ಕಡೆ ಬೆರಳು ತೋರಿಸಿದರು ಅಂತ ಹೇಳುತ್ತಿದ್ದೇನೆ.

ಹಾಗಾದರೆ ಇಲಿಯಿಂದ ನಿಮಗೇನು ಪ್ರಯೋಜನ? ಎರಡು ವಿಷಯ. ಒಂದು, ವಾಲ್ಪ್ರೋಯೇಟ್ ಮೆದುಳಿನ ಕೋಶದೊಳಗೆ ಏನು ಮಾಡುತ್ತದೆ ಅನ್ನುವುದು. ನಮ್ಮ ಡಿಎನ್‌ಎ ದಾರದುಂಡೆಗೆ ದಾರ ಸುತ್ತಿದಂತೆ ಕೆಲವು ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಆ ಸುತ್ತನ್ನು ಬಿಗಿ ಮಾಡುವ ಕಿಣ್ವಗಳಿವೆ. ವಾಲ್ಪ್ರೋಯೇಟ್ ಆ ಕಿಣ್ವಗಳನ್ನು ತಡೆಯುತ್ತದೆ ಅಂತ 2001ರಲ್ಲಿ ಗೊತ್ತಾಯಿತು. ಸುತ್ತು ಸಡಿಲವಾದರೆ ಮುಚ್ಚಿರಬೇಕಾದ ಜೀನುಗಳು ತೆರೆದುಕೊಳ್ಳುತ್ತವೆ. ದೊಡ್ಡವರಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಇನ್ನೂ ಕಟ್ಟಿಕೊಳ್ಳುತ್ತಿರುವ ಮೆದುಳಿಗೆ ಮಾತ್ರ, ಮೇಸ್ತ್ರಿಗೆ ಬೇರೆ ಮನೆಯ ನಕ್ಷೆ ಕೊಟ್ಟಂತೆ.

ಎರಡನೆಯದು ಹೊತ್ತು. ಇಲಿಯಲ್ಲಿ ಯಾವ ದಿನ ಚುಚ್ಚುತ್ತೇವೆ ಅನ್ನುವುದರ ಮೇಲೆ ಫಲಿತಾಂಶ ಪೂರ್ತಿ ಬದಲಾಗುತ್ತದೆ. ನರಕೊಳವೆ ಮುಚ್ಚುವ ಹೊತ್ತೇ ಬಹಳ ನಾಜೂಕಿನದು. ಮನುಷ್ಯರಲ್ಲಿ ಅದು ಮುಚ್ಚಿ ಮುಗಿಯುವುದು ಗರ್ಭ ನಿಂತ ಸುಮಾರು 28ನೇ ದಿನಕ್ಕೆ. ಲೆಕ್ಕ ಹಾಕಿ. ಮುಟ್ಟು ತಪ್ಪಿ, ವಾರ ಕಾದು, ಪರೀಕ್ಷೆ ಮಾಡಿ, ಅತ್ತೆಗೆ ಹೇಳಿ, ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಆ ಗಡುವು ಮುಗಿದುಹೋಗಿರುತ್ತದೆ. ಮೊದಲೇ ಮಾತಾಡಿ ಅಂತ ಶುರುವಿನಲ್ಲಿ ಹೇಳಿದ್ದು ಇದಕ್ಕೆ. ಆದರೆ ಮೆದುಳಿನ ಕೆಲಸ ಅಲ್ಲಿಗೆ ನಿಲ್ಲುವುದಿಲ್ಲ, ಒಂಬತ್ತು ತಿಂಗಳೂ ನಡೆಯುತ್ತದೆ. ಇಲಿ ಇಲ್ಲೂ ಒಂದು ಗೊಂದಲ ಇಟ್ಟಿದೆ. ಅದರ ಮರಿ ಅರೆಬೆಂದ ಮೆದುಳಿನೊಂದಿಗೆ ಹುಟ್ಟುತ್ತದೆ. ನಮ್ಮ ಕೊನೆಯ ಮೂರು ತಿಂಗಳಲ್ಲಿ ಆಗುವುದು ಅದಕ್ಕೆ ಹುಟ್ಟಿದ ಮೇಲಿನ ಮೊದಲ ಹತ್ತು ದಿನದಲ್ಲಿ ಆಗುತ್ತದೆ.

ಈಗ ಮನುಷ್ಯರ ಅಂಕಿ. ನಿಮ್ಮ ನಿರ್ಧಾರಕ್ಕೆ ಬೇಕಾದ್ದು ಇದು, ಇಲಿಯದಲ್ಲ. ಡೆನ್ಮಾರ್ಕಿನಲ್ಲಿ 1996ರಿಂದ 2006ರವರೆಗೆ ಹುಟ್ಟಿದ 6,55,615 ಮಕ್ಕಳ ದಾಖಲೆ ತೆಗೆದು 2013ರಲ್ಲಿ ಬರೆದರು. ಒಟ್ಟು ಮಕ್ಕಳಲ್ಲಿ ಆಟಿಸಂ ವರ್ಗದ ತೊಂದರೆಯ ಸಂಭವ ನೂರಕ್ಕೆ 1.53. ಹೊಟ್ಟೆಯಲ್ಲಿದ್ದಾಗ ವಾಲ್ಪ್ರೋಯೇಟ್ ತಲುಪಿದ್ದ 508 ಮಕ್ಕಳಲ್ಲಿ ನೂರಕ್ಕೆ 4.42. ಫಿಟ್ಸ್ ಇರುವ ತಾಯಂದಿರ ಮಕ್ಕಳನ್ನು ಮಾತ್ರ ಹೋಲಿಸಿದರೆ, ವಾಲ್ಪ್ರೋಯೇಟ್ ಇಲ್ಲದವರಲ್ಲಿ 2.44, ಇದ್ದವರಲ್ಲಿ 4.15. ಅಪಾಯ ಹೆಚ್ಚಾಗುವುದು ನಿಜ. ನೂರರಲ್ಲಿ 95 ಮಕ್ಕಳಿಗೆ ಆಟಿಸಂ ಬರಲಿಲ್ಲ ಅನ್ನುವುದೂ ನಿಜ. ವಿಡಿಯೊ ಹೇಳಿದಂತೆ ಬಂದೇ ಬರುತ್ತದೆ ಅಂತಲ್ಲ.

ಆದರೆ ಆಟಿಸಂ ಒಂದೇ ಲೆಕ್ಕವಲ್ಲ. ನನಗೆ ಅದಕ್ಕಿಂತ ಹೆಚ್ಚು ಯೋಚನೆ ಕೊಡುವುದು ಬೇರೆ ಅಂಕಿಗಳು. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಮಕ್ಕಳಿಗೆ ಆರು ವರ್ಷ ತುಂಬುವವರೆಗೆ ಕಾದು ಬುದ್ಧಿಮಟ್ಟ ಅಳೆದರು. ವಾಲ್ಪ್ರೋಯೇಟ್ ತಾಯಂದಿರ ಮಕ್ಕಳ ಸರಾಸರಿ ಐಕ್ಯೂ 97. ಕಾರ್ಬಮಜೆಪಿನ್ ತೆಗೆದುಕೊಂಡವರ ಮಕ್ಕಳದು 105, ಲ್ಯಾಮೊಟ್ರಿಜಿನ್ ಮತ್ತು ಫೆನಿಟಾಯಿನ್‌ನವರದು 108. ವಾಲ್ಪ್ರೋಯೇಟ್ ಡೋಸ್ ಏರಿದಷ್ಟೂ ಐಕ್ಯೂ ಇಳಿಯಿತು. ಬಸುರಾಗುವ ಹೊತ್ತಿಗೆ ಫೋಲಿಕ್ ಆಮ್ಲ ತೆಗೆದುಕೊಳ್ಳುತ್ತಿದ್ದವರ ಮಕ್ಕಳು 108, ಇಲ್ಲದವರ ಮಕ್ಕಳು 101. ಇನ್ನು ಹುಟ್ಟುದೋಷ. ಎಲ್ಲ ಬಸುರಿಯರಲ್ಲಿ ನೂರಕ್ಕೆ ಎರಡು ಮೂರು ಇದ್ದರೆ, ವಾಲ್ಪ್ರೋಯೇಟ್‌ನಲ್ಲಿ ಸುಮಾರು ಹತ್ತು. ಬೆಳವಣಿಗೆಯಲ್ಲಿ ಒಂದಲ್ಲ ಒಂದು ತೊಡಕು ನೂರಕ್ಕೆ 30ರಿಂದ 40 ಮಕ್ಕಳಲ್ಲಿ ಇರಬಹುದು ಅಂತ ಯುರೋಪಿನ ಔಷಧಿ ಸಂಸ್ಥೆ ಎಚ್ಚರಿಸಿದೆ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ, ಗರ್ಭ ನಿಲ್ಲದಂತೆ ಜಾಗ್ರತೆ ಮಾಡಿಕೊಂಡು ಕೊಡಿ ಅಂತ 2018ರಲ್ಲಿ ನಿಯಮ ಬಿಗಿ ಮಾಡಿತು. ನಮ್ಮ ಪಕ್ಕದ ತಿರುವನಂತಪುರದ ಶ್ರೀ ಚಿತ್ರ ಸಂಸ್ಥೆಯಲ್ಲಿ ಫಿಟ್ಸ್ ಇರುವ ಗರ್ಭಿಣಿಯರ ದಾಖಲೆಯನ್ನು 1998ರಿಂದ ಇಟ್ಟಿದ್ದಾರೆ. ಇದು ಬಿಳಿಯರ ಲೆಕ್ಕ ಮಾತ್ರ ಅಂತ ತಳ್ಳಿಹಾಕುವ ಹಾಗಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಮಗುವಿನ ಯೋಜನೆಯನ್ನು ಕೆಲವು ತಿಂಗಳು ಮುಂದೆ ಹಾಕಿ. ಅಲ್ಲಿವರೆಗೆ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಿ. ನಿಮ್ಮ ನರರೋಗದ ಡಾಕ್ಟರನ್ನು ಕಂಡು, "ನಾವು ಮಗು ಮಾಡಿಕೊಳ್ಳಬೇಕು ಅಂತಿದ್ದೇವೆ, ಈ ಮಾತ್ರೆ ಬದಲಾಯಿಸಲು ಆಗುತ್ತದಾ?" ಅಂತ ಬಾಯಿಬಿಟ್ಟು ಕೇಳಿ. ಎಷ್ಟೋ ಹೆಣ್ಣುಮಕ್ಕಳು ಸಂಕೋಚಕ್ಕೆ ಕೇಳುವುದೇ ಇಲ್ಲ. ಲ್ಯಾಮೊಟ್ರಿಜಿನ್, ಲೆವೆಟಿರಾಸೆಟಮ್ ಈ ವಿಷಯದಲ್ಲಿ ವಾಲ್ಪ್ರೋಯೇಟ್‌ಗಿಂತ ಎಷ್ಟೋ ವಾಸಿ. ಆದರೆ ನಿಮ್ಮ ಬಗೆಯ ಫಿಟ್ಸ್‌ಗೆ ಹಿಡಿಯುತ್ತವೋ ಇಲ್ಲವೋ ಅವರೇ ನೋಡಬೇಕು. ಹಿಡಿದರೂ ಹಳೆಯದನ್ನು ಮೆಲ್ಲಗೆ ಇಳಿಸಿ ಹೊಸದನ್ನು ಮೆಲ್ಲಗೆ ಏರಿಸಲು ತಿಂಗಳುಗಳು ಬೇಕು. ಬದಲಾಯಿಸಲು ಆಗಲೇ ಇಲ್ಲ ಅಂದರೆ ಡೋಸ್ ಎಷ್ಟು ಕಡಿಮೆ ಮಾಡಬಹುದು ಅಂತ ಕೇಳಿ. ಫೋಲಿಕ್ ಆಮ್ಲ ಎಷ್ಟು, ಯಾವಾಗಿನಿಂದ ಅನ್ನುವುದನ್ನೂ ಅವರಿಂದಲೇ ಬರೆಸಿಕೊಳ್ಳಿ. ಇದೆಲ್ಲದರ ನಡುವೆ ಅಕಸ್ಮಾತ್ ಮುಟ್ಟು ತಪ್ಪಿದರೂ ಮಾತ್ರೆ ಬಿಡಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ನಾದಿನಿಗೆ ಹೇಳಲು ಇನ್ನೊಂದು ವಿಷಯ. 2006ರಲ್ಲಿ ಅದೇ ಕ್ರಾಕೋವ್‌ನವರು ವಾಲ್ಪ್ರೋಯೇಟ್ ಮರಿಗಳನ್ನು ಹಾಲು ಬಿಟ್ಟ ಮೇಲೆ ದೊಡ್ಡ ಪಂಜರಕ್ಕೆ ಹಾಕಿದರು. ತುಂಬಾ ಜೊತೆಗಾರರು, ಆಟಿಕೆ, ಹತ್ತಲು ಇಳಿಯಲು ಜಾಗ. ನಡವಳಿಕೆಯ ಬದಲಾವಣೆಗಳಲ್ಲಿ ಹೆಚ್ಚಿನವು ಹಿಂದಕ್ಕೆ ಬಂದವು. ಇದನ್ನು ಯಾರೂ ವಿಡಿಯೊ ಮಾಡುವುದಿಲ್ಲ! ಆದರೆ ಇದನ್ನೂ ಅಳತೆ ಮೀರಿ ನಂಬಬಾರದು, ನಾನೇ ಹೇಳಿದ್ದೇನಲ್ಲ. 2014ರಲ್ಲಿ ಬ್ಯುಮೆಟನೈಡ್ ಅನ್ನುವ, ಮೂತ್ರ ಹೆಚ್ಚಿಸುವ ಹಳೆಯ ಮಾತ್ರೆಯನ್ನು ಹೆರಿಗೆಗೆ ಮುಂಚೆ ತಾಯಿ ಇಲಿಗೆ ಕೊಟ್ಟಾಗ ವಾಲ್ಪ್ರೋಯೇಟ್ ಮರಿಗಳು ಸುಧಾರಿಸಿದವು. ಪ್ರಪಂಚವೆಲ್ಲ ಸುದ್ದಿಯಾಯಿತು. ಆಟಿಸಂ ಇರುವ ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆಗಳು ಫಲ ಕೊಡದೆ 2021ರಲ್ಲಿ ನಿಂತುಹೋದವು.

ಎದೆಹಾಲಿನ ಪ್ರಶ್ನೆ ಉಳಿಯಿತು. ಕೊಡಬಹುದು. ವಾಲ್ಪ್ರೋಯೇಟ್ ಹಾಲಿಗೆ ಇಳಿಯುವುದು ತೀರಾ ಸ್ವಲ್ಪ. ಆರು ವರ್ಷ ಹಿಂಬಾಲಿಸಿದ ಆ ಅಧ್ಯಯನದಲ್ಲೇ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಲೇ ಹಾಲುಣಿಸಿದ ತಾಯಂದಿರ ಮಕ್ಕಳ ಐಕ್ಯೂ ಉಳಿದವರಿಗಿಂತ ಕಡಿಮೆ ಇರಲಿಲ್ಲ. ಯಾವ ಮಾತ್ರೆಯಲ್ಲಿದ್ದೀರಿ ಅಂತ ಮಕ್ಕಳ ಡಾಕ್ಟರಿಗೆ ಹೇಳಿಡಿ. ಮಗು ಜಾಸ್ತಿ ಮಂಕಾಗಿ ಮಲಗಿ ಹಾಲು ಎಳೆಯದಿದ್ದರೆ, ಕಣ್ಣು ಮೈ ಹಳದಿಯಾದರೆ ಅಥವಾ ಸುಮ್ಮನೆ ಮೈಮೇಲೆ ಕಂದಿದ ಕಲೆ ಕಂಡರೆ ಕಾಯಬೇಡಿ, ತೋರಿಸಿ. ರಾತ್ರಿ ನಿದ್ದೆಗೆಟ್ಟರೆ ನಿಮಗೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ಹಾಗಾಗಿ ನಡುರಾತ್ರಿಯ ಒಂದು ಹಾಲನ್ನು ಮೊದಲೇ ಹಿಂಡಿಟ್ಟು, ಕುಡಿಸುವ ಕೆಲಸವನ್ನು ನಿಮ್ಮ ಯಜಮಾನರಿಗೋ ಆ ನಾದಿನಿಗೋ ವಹಿಸಿಬಿಡಿ.